ಟೇಪಿನ ಕೆಳಗಿನ ಅಂಕಿ

ಒಂಟಿಗಣ್ಣನಿಗೆ ಎರಡು ಕಣ್ಣೂ ಇದ್ದವು. ಹೆಸರು ಕೇಳಿ ಅಯ್ಯೋ ಪಾಪ ಅನ್ನಬೇಡಿ. ಬೆಳಕು ಹದವಾಗಿದೆಯೋ ಇಲ್ಲವೋ ಎಂದು ನೋಡುವಾಗ ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿ ಬಲಗಣ್ಣೊಂದರಲ್ಲೇ ದಿಟ್ಟಿಸುವುದು ಅವನ ರೂಢಿ. ಕೆಲಸ ಕಲಿಸಿದ ಮೇಸ್ತ್ರಿ ಮೂವತ್ತು ವರ್ಷದ ಹಿಂದೆ, ಕ್ಯಾಮೆರಾಗೆ ಇರುವುದೇ ಒಂದು ಕಣ್ಣು, ನಿನಗ್ಯಾಕಯ್ಯಾ ಎರಡು ಎಂದು ಗದರಿದ್ದ. ಅವತ್ತು ಮುಚ್ಚಿದ ಎಡಗಣ್ಣು ಕೆಲಸದ ಹೊತ್ತಿನಲ್ಲಿ ಮತ್ತೆ ತೆರೆದದ್ದಿಲ್ಲ. ಜೊತೆಯವರು ಇಟ್ಟ ಅಡ್ಡಹೆಸರು ಹಾಗೇ ಅಂಟಿಕೊಂಡಿತು, ಇವನಿಗೂ ಅದರ ಮೇಲೆ ಒಳಗೊಳಗೇ ಪ್ರೀತಿ.

ಸಿನಿಮಾಕ್ಕೆ ಲೈಟ್ ಹಾಕುವುದು ಅವನ ಕಸುಬು. ಅದರಲ್ಲೂ ಪರದೆಯ ಬೆಳಕು ಬೇಕೆಂದರೆ ಎಲ್ಲರೂ ಇವನನ್ನೇ ಹುಡುಕಿಕೊಂಡು ಬರಬೇಕು. ಕತ್ತಲೆ ಕೋಣೆಯಲ್ಲಿ ಒಬ್ಬಳು ಫೋನ್ ನೋಡುತ್ತ ಕೂತಿದ್ದಾಳೆ ಅನ್ನಿ. ನೋಡುವವರು ಅವಳ ಮುಖದ ಮೇಲಿರುವುದು ಫೋನಿನದೇ ಬೆಳಕು ಎಂದುಕೊಳ್ಳುತ್ತಾರೆ. ಅದೆಲ್ಲ ಸುಳ್ಳು. ಫೋನಿನ ಬೆಳಕು ಕ್ಯಾಮೆರಾಗೆ ಎಲ್ಲಿ ಸಾಲಬೇಕು? ಚೌಕಟ್ಟಿನ ಕೆಳಗೆ, ಯಾರಿಗೂ ಕಾಣದ ಹಾಗೆ, ಒಂಟಿಗಣ್ಣ ಅಂಗಾತ ಮಲಗಿರುತ್ತಾನೆ. ಎದೆಯ ಮೇಲೆ ಅಂಗೈಯಗಲದ ಒಂದು ಲೈಟ್ ಪ್ಯಾನೆಲ್, ಬೆಳಕು ಮೆದುವಾಗಲು ಅದಕ್ಕೊಂದು ಬಟರ್ ಪೇಪರ್. ಬೆರಳುಗಳನ್ನು ಹೀಗೆ ಆಡಿಸಿದರೆ ಅವಳು ಸುದ್ದಿ ಸರಿಸುತ್ತಿದ್ದಾಳೆ, ಹಾಗೆ ಆಡಿಸಿದರೆ ವಿಡಿಯೋ ನೋಡುತ್ತಿದ್ದಾಳೆ, ಆಡಿಸದೇ ಬಿಟ್ಟರೆ ಯಾರದೋ ಕಾಗದ ಓದುತ್ತಿದ್ದಾಳೆ.

ಪ್ಯಾನೆಲ್ಲಿಗೆ ಬೆಳಕಿನ ಬಣ್ಣ ಬದಲಿಸಲು ತಿರುಗಿಸುವ ಒಂದು ನಾಬ್ ಇತ್ತು. ಒಂದರಿಂದ ಹತ್ತರವರೆಗೆ ಅಂಕಿ. ಎರಡಕ್ಕೆ ಇಟ್ಟರೆ ಹಳೇ ಬಲ್ಬಿನ ಹಳದಿ, ಏಳಕ್ಕೆ ಇಟ್ಟರೆ ಫೋನಿನ ಅಪ್ಪಟ ಬಿಳಿ, ಹತ್ತಕ್ಕೆ ಹೋದರೆ ನೀಲಿ. ಒಂಟಿಗಣ್ಣ ಪ್ಯಾನೆಲ್ ಕೊಂಡ ದಿನವೇ ಆ ಅಂಕಿಗಳ ಮೇಲೆ ಕಪ್ಪು ಟೇಪ್ ಮೆತ್ತಿಬಿಟ್ಟಿದ್ದ. ಅಂಕಿ ನೋಡಿ ಲೈಟ್ ಹಾಕುವವನು ಲೈಟಿನವನಲ್ಲ, ಮೀಟರ್ ಓದಲು ಬಂದವನು ಎನ್ನುವುದು ಅವನ ವಾದ. ತನಗೆ ತನ್ನ ಕಣ್ಣೇ ಮೀಟರು, ಒಮ್ಮೆ ಕಂಡ ಬೆಳಕನ್ನು ಹತ್ತು ವರ್ಷ ಬಿಟ್ಟು ಕೇಳಿದರೂ ತಂದು ನಿಲ್ಲಿಸುತ್ತೇನೆ ಎಂದು ಚಹಾ ಕುಡಿಯುವಾಗೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಸುಳ್ಳೇನಲ್ಲ, ತಂದು ನಿಲ್ಲಿಸುತ್ತಲೂ ಇದ್ದ.

ಇಂಥ ಕಸುಬಿನವನಿಗೆ ಅನುಮಾನ ಹತ್ತಿದರೆ ಹೇಗಿರುತ್ತದೆ ಯೋಚಿಸಿ. ಬೇರೆ ಗಂಡಂದಿರಾದರೆ ಹೆಂಡತಿ ಒಳಗೆ ಹೋಗುವುದನ್ನೇ ಕಾದು ಫೋನ್ ಎತ್ತಿಕೊಂಡು ನೋಡಬೇಕು. ಇವನಿಗೆ ಫೋನೇ ಬೇಡ, ಅವಳ ಮುಖ ಸಾಕು.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮುಂದಿನ ಕೋಣೆಯ ಮೂಲೆಯಲ್ಲಿ ಮಿಷನ್ನು, ಪಕ್ಕದಲ್ಲಿ ತಲೆಯಿಲ್ಲದ ಒಂದು ಗೊಂಬೆ, ಗೋಡೆಗೆ ಸಾಲುಸಾಲು ದಾರದ ಉಂಡೆ. ದಿನವಿಡೀ ಸೂಜಿಯ ತುದಿ ನೋಡಿ ಕಣ್ಣು ಸೋಲುತ್ತದೆಂದು, ಸಂಜೆ ಮಿಷನ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ದೀಪ ಹಾಕದೆ ಸುಮ್ಮನೆ ಕೂರುವುದು ಅವಳ ಪದ್ಧತಿ. ಮೂರು ತಿಂಗಳಿಂದ ಆ ಅರ್ಧ ಗಂಟೆಗೆ ಫೋನ್ ಜೊತೆಯಾಗಿತ್ತು.

ಒಂದು ಸಂಜೆ ಒಂಟಿಗಣ್ಣ ಚಪ್ಪಲಿ ಬಿಡುತ್ತ ಅತ್ತ ನೋಡಿದ. ಕೈಯಲ್ಲಿದ್ದ ಚೀಲ ಕೆಳಗಿಡುವ ಮೊದಲೇ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ಹೆಂಡತಿಯ ಮುಖದ ಮೇಲಿನ ಬೆಳಕು ಹಳದಿಯಾಗಿತ್ತು.

ಫೋನಿನ ಬೆಳಕು ಹಳದಿಯಾಗುವುದೆಂದರೇನು? ಕಾಗದ ಓದಿದರೆ ಬಿಳಿ, ಸುದ್ದಿ ನೋಡಿದರೆ ಬಣ್ಣ ಕುಣಿಯಬೇಕು. ಇದು ಕುಣಿಯುತ್ತಲೂ ಇರಲಿಲ್ಲ, ನಿಂತ ಹಳದಿ. ಹಾಗೆಂದರೆ ಒಂದೇ ಅರ್ಥ: ಆ ಕಡೆ ಯಾರೋ ಹಳದಿ ಬಲ್ಬಿನ ಕೋಣೆಯಲ್ಲಿ ಕೂತಿದ್ದಾರೆ, ಇವಳು ಅವರ ಮುಖ ನೋಡುತ್ತಿದ್ದಾಳೆ. ಅಷ್ಟರಲ್ಲಿ ಅವಳು ಇವನನ್ನು ಕಂಡು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ, ಬಂದ್ರಾ ಎಂದು ದೀಪ ಹಾಕಿದಳು.

ಮಾರನೇ ದಿನವೂ ಹಳದಿ. ಅದರ ಮಾರನೇ ದಿನವೂ ಹಳದಿ. ರಾತ್ರಿಯ ಓದಿಗೆ ಪರದೆಯನ್ನು ಬೆಚ್ಚಗೆ ಮಾಡುವ ಸೆಟ್ಟಿಂಗ್ ಒಂದಿದೆಯಲ್ಲ, ಅದೇನಾದರೂ ಇರಬಹುದೇ ಎಂದು, ಅವಳು ಸ್ನಾನಕ್ಕೆ ಹೋದಾಗ ಕಳ್ಳನ ಹಾಗೆ ತೆಗೆದು ನೋಡಿದ. ಅದು ಆಫ್ ಆಗಿತ್ತು. ಆಗಲೇ ಪರದೆಯ ಮೇಲೆ ಒಂದು ಮೆಸೇಜು ಬಂದು ಇಣುಕಿತು. ಏನು ಬರೆದಿದೆ ಎಂದು ಲಾಕ್ ತೆಗೆಯದೆ ಕಾಣದಂತೆ ಅವಳು ಮುಚ್ಚಿಟ್ಟಿದ್ದಳು. ಕಳಿಸಿದವರ ಹೆಸರು ಮಾತ್ರ ಕಂಡಿತು: ಕ್ಯಾಮೆರಾ ಸರ್.

ಕ್ಯಾಮೆರಾ ಸರ್ ಎಂದರೆ ಕ್ಯಾಮೆರಾಮನ್, ಹದಿನೆಂಟು ವರ್ಷದಿಂದ ಒಂಟಿಗಣ್ಣ ಯಾರ ಕೈಕೆಳಗೆ ಬೆಳಕು ಹಾಕುತ್ತ ಬಂದಿದ್ದನೋ ಆ ಮನುಷ್ಯ. ಮನೆಯಲ್ಲಿ ಒಬ್ಬನೇ ಇರುವವನು. ಟ್ಯೂಬ್‌ಲೈಟ್ ಕಂಡರೆ ಉರಿದು ಬೀಳುತ್ತಿದ್ದ, ಅಡುಗೆಮನೆಯಿಂದ ಬಚ್ಚಲವರೆಗೆ ಹಳೇ ಕಾಲದ ಹಳದಿ ಬಲ್ಬನ್ನೇ ಹುಡುಕಿ ತಂದು ಹಾಕಿಸಿಕೊಂಡಿದ್ದ. ಆ ಬಲ್ಬುಗಳನ್ನು ಏಣಿ ಹತ್ತಿ ಸಿಕ್ಕಿಸಿಕೊಟ್ಟವನು ಬೇರೆ ಯಾರೂ ಅಲ್ಲ, ಇದೇ ನಮ್ಮ ಒಂಟಿಗಣ್ಣ.

ಅವತ್ತಿನಿಂದ ತಲೆಯಲ್ಲಿ ಹುಳ ಕೊರೆಯತೊಡಗಿತು. ಬಾಯಿ ಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿ ಅವಳು ಹೌದು ಎಂದುಬಿಟ್ಟರೆ ಇಪ್ಪತ್ತೆರಡು ವರ್ಷದ ಸಂಸಾರ ಎಲ್ಲಿ ಹೋಗಿ ನಿಲ್ಲುತ್ತದೆ ಎನ್ನುವ ಭಯ. ಅದನ್ನು ಭಯ ಎಂದು ಒಪ್ಪಿಕೊಳ್ಳದೆ, ಸಾಕ್ಷಿ ಬೇಕು ಎಂದುಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ.

ಅನುಮಾನಕ್ಕೆ ಒಂದು ಸಲ ಬಾಗಿಲು ತೆಗೆದರೆ ಅದು ಒಬ್ಬರಿಗೇ ನಿಲ್ಲುತ್ತದೆಯೇ? ಬಿಳಿ ಸುಣ್ಣ ಬಳಿಯಲು ಹೇಳಿದ್ದರೆ ಪೇಂಟರು ಕೆನೆಬಣ್ಣ ಬಳಿದು ಹೋಗಿದ್ದಾನೆ ಎಂದು ಗೋಡೆಯನ್ನು ಒಂಟಿಗಣ್ಣಿನಲ್ಲಿ ನೋಡಿ ಹೇಳಿದ. ಹೆಂಡತಿ, ಬೆಳ್ಳಗೇ ಇದೆಯಲ್ಲ ಎಂದಳು. ಇವಳೂ ಅವನ ಕಡೆಗೇ! ಇಸ್ತ್ರಿಯವನು ಬಿಳಿ ಶರ್ಟನ್ನೆಲ್ಲ ಮಾಸಿಸುತ್ತಿದ್ದಾನೆ ಎಂದು ಅವನ ಜೊತೆ ಬೀದಿಯಲ್ಲೇ ಜಗಳಕ್ಕೆ ನಿಂತ. ಹಾಲಿನವಳ ಹಾಲೂ ಅಷ್ಟೇ, ಏನೋ ಬೆರೆಸಿದ್ದಾಳೆ ಎಂದು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಲೋಕವೆಲ್ಲ ಸೇರಿ ತನ್ನೊಬ್ಬನ ಕಣ್ಣಿಗೆ ಮಣ್ಣೆರಚುತ್ತಿದೆ ಎನ್ನುವ ಹಾಗೆ ಮುಖ ಊದಿಸಿಕೊಂಡು ಓಡಾಡಿದ.

ಹೆಂಡತಿಯ ನಡವಳಿಕೆಯೂ ವಿಚಿತ್ರವಾಗಿತ್ತು. ಕೂತಲ್ಲಿ ಕೂತು ದಾರದ ಎರಡು ಉಂಡೆ ಎತ್ತಿ ಹಿಡಿದು, ಇವೆರಡರಲ್ಲಿ ಕಪ್ಪು ಯಾವುದು, ಕಡುನೀಲಿ ಯಾವುದು ಹೇಳಿ ನೋಡೋಣ ಎನ್ನುವಳು. ಇವನು ರೂಢಿಯಂತೆ ಕಣ್ಣು ಮುಚ್ಚಿ ನೋಡಿ ಹೇಳಿದರೆ, ಹೂಂ ಎಂದು ಸುಮ್ಮನಾಗಿ ಇವನ ಮುಖವನ್ನೇ ನೋಡುವಳು. ಸರಿಯೋ ತಪ್ಪೋ ಹೇಳುತ್ತಿರಲಿಲ್ಲ. ಕುಡಿದು ಬಂದಿದ್ದೇನೋ ಎಂದು ಪರೀಕ್ಷೆ ಮಾಡುತ್ತಿದ್ದಾಳೆ, ನಾಳೆ ಪಂಚಾಯಿತಿ ಆದರೆ ಗಂಡ ಕುಡುಕ ಎಂದು ಹೇಳಲು ಈಗಲೇ ತಯಾರಿ ನಡೆಸಿದ್ದಾಳೆ ಎಂದು ಇವನು ಲೆಕ್ಕ ಹಾಕಿದ. ವರ್ಷದ ಹಿಂದೆ ಒಮ್ಮೆ ಅವಳು ಕನ್ನಡಕದ ಮಾತೆತ್ತಿದ್ದಕ್ಕೆ ಎರಡು ದಿನ ಊಟ ಬಿಟ್ಟು ಕೂತಿದ್ದ ಮಹಾನುಭಾವ ಇವನು. ಲೈಟಿನವನಿಗೆ ಕಣ್ಣು ಹೋಯಿತು ಎಂದರೆ ಅವನನ್ನು ಹೂತುಬಿಡುವುದೇ ವಾಸಿ ಎಂದು ಅವತ್ತು ಕೂಗಾಡಿದ್ದು ಇವನಿಗೆ ಮರೆತೇಹೋಗಿತ್ತು, ಅವಳಿಗೆ ಮರೆತಿರಲಿಲ್ಲ.

ಇತ್ತ ಶೂಟಿಂಗಿನಲ್ಲಿ ಇನ್ನೊಂದು ಕಾಟ ಶುರುವಾಯಿತು. ಆ ಸಿನಿಮಾದಲ್ಲಿ ಪರದೆಯ ಬೆಳಕಿನ ದೃಶ್ಯವೇ ಆರೇಳು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಹಗಲಲ್ಲೇ ಕತ್ತಲೆ ಮಾಡಿ, ನಟಿಯನ್ನು ಕುರ್ಚಿಯಲ್ಲಿ ಕೂರಿಸಿ, ಒಂಟಿಗಣ್ಣ ಹದ ನೋಡಿ ನಾಬ್ ತಿರುಗಿಸಿಟ್ಟು ಚಹಾಕ್ಕೆ ಹೋಗುವನು. ಬರುವಷ್ಟರಲ್ಲಿ ನಾಬ್ ಇಟ್ಟಲ್ಲಿ ಇರುತ್ತಿರಲಿಲ್ಲ. ತಾನು ನಿಲ್ಲಿಸಿದ ಜಾಗಕ್ಕೆ ಗುರುತಾಗಿ ಟೇಪಿನ ಮೇಲೆ ಉಗುರಿನಿಂದ ಗೀರುವುದು ಅವನ ಕ್ರಮ. ಗೀರು ಒಂದು ಕಡೆ, ನಾಬಿನ ಮೂಗು ಇನ್ನೊಂದು ಕಡೆ. ಯಾರೋ ಬೇಕೆಂದೇ ಹಿಂದಕ್ಕೆ ತಿರುಗಿಸುತ್ತಿದ್ದರು. ಇವನು ಸರಿಮಾಡಿದರೆ ಊಟದ ಹೊತ್ತಿಗೆ ಮತ್ತೆ ಹಿಂದಕ್ಕೆ.

ಆರನೇ ದೃಶ್ಯದ ದಿನ ಚಹಾಕ್ಕೆ ಹೋಗುವ ಹಾಗೆ ಮಾಡಿ, ಕಿಟಕಿಗೆ ಕಟ್ಟಿದ ಕಪ್ಪು ಬಟ್ಟೆಯ ಹಿಂದೆ ನಿಂತುಕೊಂಡ. ಐವತ್ತು ದಾಟಿದ ಮನುಷ್ಯ ಕಣ್ಣಾಮುಚ್ಚಾಲೆ ಆಡುವವನ ಹಾಗೆ ಹೊಟ್ಟೆ ಒಳಗೆಳೆದುಕೊಂಡು ನಿಂತದ್ದನ್ನು ನೋಡಿದ್ದರೆ ನಿಮಗೆ ನಗು ಬರುತ್ತಿತ್ತು. ಅವನಿಗೆ ಬರಲಿಲ್ಲ. ಕ್ಯಾಮೆರಾಮನ್ ಮಾನಿಟರ್ ಬಿಟ್ಟು ಎದ್ದ. ಆಚೀಚೆ ನೋಡಿದ. ಮಂಡಿಯೂರಿ ಕೂತು ಪ್ಯಾನೆಲ್ಲಿನ ನಾಬನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ಮತ್ತೆ ಹೋಗಿ ಮಾನಿಟರ್ ನೋಡಿ ತಲೆಯಾಡಿಸಿದ.

ಒಂಟಿಗಣ್ಣನಿಗೆ ಎಲ್ಲವೂ ಒಮ್ಮೆಗೇ ಹೊಂದಿಕೊಂಡಿತು. ಕೆಲಸ ಕೆಡಿಸಿ ಹೊರಗೆ ಹಾಕುವುದು, ಮನೆಯನ್ನೂ ಕಿತ್ತುಕೊಳ್ಳುವುದು. ಬಟ್ಟೆ ಸರಿಸಿಕೊಂಡು ಈಚೆ ಬಂದ. ಚಹಾ ಮುಗಿಸಿದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು, ಹತ್ತು ಜನ ಆಗಲೇ ಇದ್ದರು, ನಟಿಯೂ ಇದ್ದಳು.

"ನನ್ನ ಹೆಂಡತಿ ಮುಖದ ಮೇಲೆ ಬೆಳಕು ಬಿಟ್ಟಿದ್ದು ಸಾಲದು ಅಂತ ನನ್ನ ಪ್ಯಾನೆಲ್‌ಗೂ ಕೈ ಹಾಕಿದ್ರಾ, ಸರ್?" ಎಂದ.

ಕ್ಯಾಮೆರಾಮನ್ನನ ಮುಖ ಸುಣ್ಣವಾಯಿತು. ಏನೋ ಹೇಳಲು ಬಾಯಿ ತೆರೆದವನು ಸುತ್ತ ನಿಂತವರನ್ನು ನೋಡಿ ಬಾಯಿ ಮುಚ್ಚಿದ. ಕೊನೆಗೆ ತಗ್ಗಿದ ದನಿಯಲ್ಲಿ, "ನೀನು ಈಗ ಮನೆಗೆ ಹೋಗು. ಅವರ ಹತ್ರಾನೇ ಕೇಳು," ಎಂದ. ಅದೇ ಒಪ್ಪಿಗೆ ಎಂದುಕೊಂಡ ಒಂಟಿಗಣ್ಣ ಪ್ಯಾನೆಲ್ಲನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ಹೊರಟುಬಿಟ್ಟ.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಹೆಂಡತಿ ಇರಲಿಲ್ಲ, ಹೊಲಿದ ಬಟ್ಟೆ ಕೊಡಲು ಹೋಗಿದ್ದಳು. ಒಳ್ಳೆಯದೇ ಆಯಿತು. ಅವಳು ಬರುವಷ್ಟರಲ್ಲಿ, ಇಲ್ಲ ಎಂದು ಬಾಯಿ ಬಿಡಲಾಗದಂಥ ಸಾಕ್ಷಿಯನ್ನು ಕಣ್ಣೆದುರು ನಿಲ್ಲಿಸಬೇಕು. ಅವಳ ಫೋನಿನಲ್ಲಿ ಏನಿತ್ತೋ ಅದನ್ನು ಅವಳು ಅಳಿಸಬಹುದು, ಮುಖದ ಮೇಲೆ ಬಿದ್ದ ಬೆಳಕನ್ನು ಅಳಿಸಲಾರಳು. ಆ ಬೆಳಕನ್ನೇ ಇಲ್ಲಿ ತಂದು ನಿಲ್ಲಿಸುತ್ತೇನೆ, ಇದು ಯಾರ ಮನೆಯ ಬಲ್ಬು ಎಂದು ಕೇಳುತ್ತೇನೆ ಎಂದುಕೊಂಡ. ಹುಚ್ಚೇ ಇರಬಹುದು, ಆದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ.

ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ. ಅವಳು ಕೂರುವ ಜಾಗಕ್ಕೆ ಗೊಂಬೆಯನ್ನು ಎಳೆದು ನಿಲ್ಲಿಸಿ, ಹೊಲಿಯಲು ತಂದಿಟ್ಟಿದ್ದ ಬಿಳಿ ಬಟ್ಟೆಯೊಂದನ್ನು ಹೊದಿಸಿದ. ತೊಡೆಯ ಎತ್ತರಕ್ಕೆ ಸ್ಟೂಲು, ಸ್ಟೂಲಿನ ಮೇಲೆ ಪ್ಯಾನೆಲ್ಲು. ಚಪ್ಪಲಿ ಬಿಡುವ ಜಾಗಕ್ಕೆ ಹೋಗಿ ನಿಂತು, ಎಡಗಣ್ಣು ಮುಚ್ಚಿ ನೋಡಿದ. ಬಂದು ನಾಬ್ ತಿರುಗಿಸಿದ. ಹೋಗಿ ನೋಡಿದ. ಕೆಂಪು ಹೆಚ್ಚಾಯಿತು. ಬಂದು ತಿರುಗಿಸಿದ. ನಾಲ್ಕೈದು ಸಲ ಓಡಾಡಿದ ಮೇಲೆ ಬಿಳಿ ಬಟ್ಟೆಯ ಮೇಲೆ ಅದೇ ಬೆಳಕು ಬಂದು ಕೂತಿತು. ಇಷ್ಟು ದಿನ ಸಂಜೆಗಳಲ್ಲಿ ಅವನ ಹೊಟ್ಟೆ ಉರಿಸಿದ ಅದೇ ನಿಂತ ಹಳದಿ, ಒಂದು ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ. ಗೆದ್ದೆ ಎಂದುಕೊಂಡ.

ಇಂಥ ಮಾತಿಗೆ ಅಂಕಿಯೂ ಇರಲಿ ಎನಿಸಿತು. ಕಣ್ಣಿನ ಮಾತನ್ನು ಅವಳು ನಂಬದಿದ್ದರೆ ಎರಡು ಎಂದು ಬರೆದದ್ದನ್ನು ನಂಬಲೇಬೇಕಲ್ಲ. ಎಷ್ಟೋ ವರ್ಷದಿಂದ ಅಂಟಿಕೊಂಡಿದ್ದ ಕಪ್ಪು ಟೇಪನ್ನು ಉಗುರಿನಿಂದ ಎಬ್ಬಿಸಿ ಕಿತ್ತ.

ನಾಬಿನ ಮೂಗು ಏಳರ ಮೇಲಿತ್ತು.

ನಾಬ್ ಕೆಟ್ಟಿದೆ ಎಂದುಕೊಂಡ. ಆ ಕ್ಯಾಮೆರಾಮನ್ನೇ ತಿರುಗಿಸಿ ತಿರುಗಿಸಿ ಕೆಡಿಸಿದ್ದಾನೆ. ನೋಡೋಣ ಎಂದು ಎರಡಕ್ಕೆ ತಂದ. ಗೊಂಬೆಯ ಮೇಲೆ ಕಿತ್ತಳೆ ಹಣ್ಣಿನ ಬಣ್ಣ ಸುರಿದ ಹಾಗಾಯಿತು, ಹೆಂಡತಿಯ ಮುಖದ ಮೇಲೆ ಇಂಥದ್ದನ್ನು ಅವನು ಎಂದೂ ಕಂಡಿರಲಿಲ್ಲ. ಮತ್ತೆ ಏಳಕ್ಕೆ ತಂದ. ಮತ್ತೆ ಅದೇ ಹಳದಿ. ನಾಬ್ ಸರಿಯಾಗಿಯೇ ಇತ್ತು. ಏಳು ಎಂದರೆ ಬಿಳಿ, ಬರೇ ಬಿಳಿ, ಯಾರ ಮನೆಯ ಬಲ್ಬೂ ಅಲ್ಲದ, ಅಕ್ಷರ ತುಂಬಿದ ಫೋನಿನ ಬಿಳಿ. ಅದು ತನಗೇಕೆ ಹಳದಿಯಾಗಿ ಕಾಣಬೇಕು?

ಸ್ಟೂಲಿನ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತ. ಆಮೇಲೆ ಮೂವತ್ತು ವರ್ಷದಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣು ತೆರೆದ.

ಗೊಂಬೆ ಬೆಳ್ಳಗೆ ನಿಂತಿತ್ತು. ಅದರ ಹಿಂದಿನ ಗೋಡೆಯೂ ಬೆಳ್ಳಗಿತ್ತು. ಪೇಂಟರು ಕೆನೆಬಣ್ಣ ಬಳಿದಿರಲಿಲ್ಲ. ಕೈ ಬದಲಿಸಿ ನೋಡಿದ, ಹಳದಿ. ಮತ್ತೆ ಬದಲಿಸಿದ, ಬಿಳಿ. ನಂಬಲಾರದೆ ಹತ್ತು ಸಲ ಬದಲಿಸಿದ. ಇಸ್ತ್ರಿಯವನು, ಹಾಲಿನವಳು, ಬಟ್ಟೆಯ ಹಿಂದೆ ನಿಂತು ಕಂಡ ಕ್ಯಾಮೆರಾಮನ್, ದಾರದ ಉಂಡೆ ಹಿಡಿದು ತನ್ನ ಮುಖ ನೋಡುತ್ತಿದ್ದ ಹೆಂಡತಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಬಂದು ಎದುರು ನಿಂತರು. ಹತ್ತು ಜನರ ಮುಂದೆ ಆಡಿದ ಮಾತೂ ಬಂದು ನಿಂತಿತು. ಅವನು ಎರಡೂ ಕಣ್ಣು ಮುಚ್ಚಿಕೊಂಡ.

ಬಾಗಿಲು ತೆಗೆದ ಸದ್ದಾಯಿತು. ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು. ಕ್ಯಾಮೆರಾಮನ್ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದ್ದ, ಕೊಡಬೇಕಾದ ಬಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದಿದ್ದಳು. ಕಂಬಳಿ ಕಟ್ಟಿದ ಕಿಟಕಿ, ತನ್ನ ಜಾಗದಲ್ಲಿ ಬಿಳಿ ಹೊದ್ದು ನಿಂತ ಗೊಂಬೆ, ಕೆಳಗಿನಿಂದ ಬೀಳುವ ಬೆಳಕು. ಒಂದು ಗಳಿಗೆ ನೋಡಿದಳು. ಲೈಟಿನವನ ಹೆಂಡತಿ, ಬಿಡಿಸಿ ಹೇಳಬೇಕಾಗಲಿಲ್ಲ.

"ನನ್ನ ಮುಖದ ಮೇಲೆ ಏನು ಬಿದ್ದಿದೆ ಅಂತ ನನ್ನನ್ನೇ ಕೇಳಬಹುದಿತ್ತಲ್ಲ, ರೀ," ಎಂದಳು.

ಅವನು ತಲೆ ಎತ್ತದೆ, ನಿನ್ನ ಮೇಲೆ ಅನುಮಾನಪಟ್ಟೆ ಎಂದ. ಗೊತ್ತು ಎಂದಳು. ನನ್ನ ಕಣ್ಣು ಕೆಟ್ಟಿದೆ ಎಂದ. ಅದೂ ಗೊತ್ತು ಎಂದಳು. ಫೋನ್ ತೆಗೆದು ಅವನ ಮಡಿಲಿಗೆ ಹಾಕಿದಳು. ಬಿಳಿ ಪುಟದ ತುಂಬ ಸಣ್ಣ ಅಕ್ಷರ: ಕಣ್ಣಿನ ಪೊರೆ ಎಂದರೇನು, ಬಣ್ಣಗಳು ಏಕೆ ಹಳದಿಗೆ ತಿರುಗುತ್ತವೆ, ಆಪರೇಷನ್ ಆದ ಮೇಲೆ ನೀಲಿ ಮತ್ತೆ ಕಾಣುತ್ತದೆಯೇ. ಮೂರು ತಿಂಗಳಿಂದ ಅವಳು ಸಂಜೆಯ ಅರ್ಧ ಗಂಟೆ ಓದಿದ್ದು ಇದನ್ನೇ. ಕಪ್ಪು ದಾರ ತರಲು ಕಳಿಸಿದರೆ ಕಡುನೀಲಿ ತಂದುಕೊಟ್ಟ ದಿನ ಅವಳಿಗೆ ಮೊದಲು ಗೊತ್ತಾಗಿತ್ತು. ಕ್ಯಾಮೆರಾಮನ್ನನ ತಾಯಿಗೂ ಪೊರೆ ಬಂದಿತ್ತೆಂದು ನೆನಪಾಗಿ ಅವನನ್ನು ಕೇಳಿದ್ದಳು. ಅವನಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು, ಹಳದಿ ಕಾಣದಿರಲೆಂದು ಇವನು ನಾಬ್ ಮುಂದಕ್ಕೆ ತಿರುಗಿಸಿ ಹಾಕುವ ಪರದೆಯ ಬೆಳಕು ದಿನದಿಂದ ದಿನಕ್ಕೆ ನೀಲಿಯಾಗುತ್ತಿತ್ತಲ್ಲ. ಈ ಸಿನಿಮಾ ಮುಗಿಯುವವರೆಗೆ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತೇನೆ, ನೀವು ಡಾಕ್ಟರ ಹತ್ತಿರ ದಿನ ಗೊತ್ತುಮಾಡಿ ಎಂದಿದ್ದ. ಮುಂದಿನ ವಾರಕ್ಕೆ ದಿನವೂ ಗೊತ್ತಾಗಿತ್ತು. ಹೇಳಿದರೆ ಮತ್ತೆ ಊಟ ಬಿಟ್ಟು ಕೂರುತ್ತೀರಿ ಎಂದು ಹೆದರಿ ಸುಮ್ಮನಿದ್ದೆ, ಅದು ನನ್ನ ತಪ್ಪು ಎಂದಳು.

ಒಂಟಿಗಣ್ಣ ಅವಳ ಮುಖ ನೋಡಿದ, ಎಡಗಣ್ಣಿನಲ್ಲಿ. ಕೆನ್ನೆ ಒಣಗಿತ್ತು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇದನ್ನು ಯಾವಾಗಿನಿಂದ ನೋಡದೇ ಹೋದೆ ಎಂದು ತಿಳಿಯಲಿಲ್ಲ. ಕೈ ಹಿಡಿಯಲು ಹೋದ. ಅವಳು ಕೈ ಕೊಡಲಿಲ್ಲ.

"ಅನುಮಾನ ಮನೆಯೊಳಗೆ ಪಟ್ಟಿದ್ದರೆ ಮನೆಯೊಳಗೇ ಮುಗಿಸ್ತಿದ್ದೆ," ಎಂದಳು. "ಹತ್ತು ಜನರ ಮುಂದೆ ಹೇಳಿದ್ದೀರಿ. ಆ ಹತ್ತು ಜನರ ಮುಂದೇನೇ ಹೇಳಿ ಬನ್ನಿ. ಆಮೇಲೆ ಮಾತಾಡೋಣ."

ಹೇಳುವುದೆಂದರೆ ಕಣ್ಣಿನ ವಿಷಯವನ್ನೂ ಹೇಳಬೇಕು. ಅದು ಬಾಯಿಂದ ಬಿದ್ದ ಮೇಲೆ ನಾಳೆ ಯಾರು ಇವನನ್ನು ಬೆಳಕಿಗೆ ಕರೆಯುತ್ತಾರೆ? ಅವಳಿಗೆ ಅದೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದಳು.

ಮಾರನೇ ದಿನ ಬೆಳಿಗ್ಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಗೆ ಒಂಟಿಗಣ್ಣ ಹೋದ. ನಟಿ ಕುರ್ಚಿಯಲ್ಲಿ ಕೂತಿದ್ದಳು, ಎಲ್ಲರೂ ಇದ್ದರು. ನಿನ್ನೆ ನಾನು ಆಡಿದ್ದು ಹೊಲಸು ಮಾತು, ಅದರಲ್ಲಿ ಕಾಳಷ್ಟೂ ನಿಜವಿಲ್ಲ ಎಂದ. ಹೆಂಡತಿ ನನ್ನ ಕಣ್ಣಿಗೆ ಮದ್ದು ಹುಡುಕುತ್ತಿದ್ದಳು, ಸರ್ ನನ್ನ ಕಣ್ಣಿನ ತಪ್ಪನ್ನು ಯಾರಿಗೂ ಕಾಣದ ಹಾಗೆ ಮುಚ್ಚುತ್ತಿದ್ದರು, ನನ್ನ ಬಲಗಣ್ಣಿಗೆ ಪೊರೆ ಬಂದಿದೆ, ಬಿಳಿ ಕಾಣುವುದಿಲ್ಲ ಎಂದ. ಕ್ಯಾಮೆರಾಮನ್ ಸಾಕು ಬಿಡು ಎಂದ. ಒಂಟಿಗಣ್ಣ ಬಿಡದೆ ಪೂರ್ತಿ ಹೇಳಿ ಮುಗಿಸಿದ.

ಆಮೇಲೆ ಹೋಗಿ ತನ್ನ ಜಾಗದಲ್ಲಿ ಅಂಗಾತ ಮಲಗಿ, ಟೇಪ್ ಕಿತ್ತ ಪ್ಯಾನೆಲ್ಲನ್ನು ಎದೆಯ ಮೇಲಿಟ್ಟುಕೊಂಡ.

"ಎಷ್ಟಕ್ಕೆ ಇಡಲಿ ಸರ್?" ಎಂದು ಕೇಳಿದ.

ಹದಿನೆಂಟು ವರ್ಷದಲ್ಲಿ ಅವನ ಬಾಯಿಂದ ಆ ಪ್ರಶ್ನೆ ಬಂದಿರಲಿಲ್ಲ. ಕ್ಯಾಮೆರಾಮನ್, ಏಳು ಎಂದ. ಒಂಟಿಗಣ್ಣ ಏಳಕ್ಕೆ ಇಟ್ಟು ಮೇಲೆ ನೋಡಿದ. ಎಡಗಣ್ಣು ರೂಢಿಯಂತೆ ಮುಚ್ಚಿಕೊಂಡಿತು, ಅದು ಒಂದು ರಾತ್ರಿಗೆ ಬಿಟ್ಟುಹೋಗುವ ಚಾಳಿಯಲ್ಲ. ನಟಿಯ ಮುಖ ಹಳದಿಯಾಗಿ ಕಂಡಿತು. ಇನ್ನೊಂಚೂರು ತಿರುಗಿಸು, ಇನ್ನೊಂಚೂರು ಎಂದು ಬೆರಳು ತುಡಿಯಿತು. ಬೆರಳನ್ನು ನಾಬಿನಿಂದ ತೆಗೆದುಬಿಟ್ಟ.

"ಸರಿಯಾಗಿದೆ ಸರ್," ಎಂದ. "ಶಾಟ್ ತಗೊಳ್ಳಿ."